‘ಹುಷಾರಾ?’ ಎಂದು ಕೇಳಿದ ಮೇಲೆ...

ಆಪರೇಷನ್ ಆಗಿ ಮನೆಗೆ ಬಂದವರನ್ನು ನೋಡಲು ಹೋಗುವುದು ನಮ್ಮ ಕಾಸರಗೋಡಿನ ಕಡೆ ಈಗಲೂ ಉಳಿದಿರುವ ಒಳ್ಳೆಯ ಪದ್ಧತಿ. ಕೈಯಲ್ಲಿ ಒಂದು ಪ್ಯಾಕೆಟ್ ಬಿಸ್ಕತ್ತು, ನಾಲ್ಕು ಕಿತ್ತಳೆ. ಹೋದವರು ‘ಹುಷಾರಾ?’ ಎನ್ನುತ್ತಾರೆ, ಮನೆಯವರು ‘ಹುಷಾರು’ ಎನ್ನುತ್ತಾರೆ. ಆಮೇಲೆ ಮಾತು ಅಡಿಕೆ ರೇಟಿಗೂ ಕೊಳೆರೋಗಕ್ಕೂ ಹೊರಳುತ್ತದೆ. ಕಿಡ್ನಿಯ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಬಂದವರ ವಿಷಯದಲ್ಲಿ ಮಾತ್ರ ಆ ‘ಹುಷಾರು’ ಎಂಬ ಒಂದು ಪದದ ಅಡಿಯಲ್ಲಿ ಬಹಳಷ್ಟು ಅಡಗಿರುತ್ತದೆ. ಅದರ ಬಗ್ಗೆ ನಾಲ್ಕು ಮಾತು.

ಈ ಕಾಯಿಲೆಯ ಸ್ವಭಾವವೇ ಬೇರೆ. ಆರಂಭದಲ್ಲಿ ಹೆಚ್ಚಿನವರಿಗೆ ನೋವಿಲ್ಲ, ಲಕ್ಷಣವಿಲ್ಲ. ಬೇರೇನೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಆಕಸ್ಮಿಕವಾಗಿ ಗೊತ್ತಾಗುವುದೇ ಹೆಚ್ಚು. ಬೆಳಿಗ್ಗೆ ಪಾಠ ಮಾಡಿದವರು ಸಂಜೆಗೆ ಕ್ಯಾನ್ಸರ್ ರೋಗಿ! ಗಡ್ಡೆ ಕಿಡ್ನಿಯೊಳಗೇ ಇದ್ದರೆ ಆ ಭಾಗವನ್ನೋ ಇಡೀ ಕಿಡ್ನಿಯನ್ನೋ ತೆಗೆಯುತ್ತಾರೆ. ಉಳಿದ ಒಂದು ಕಿಡ್ನಿ ಚೆನ್ನಾಗಿದ್ದರೆ ಬದುಕಿಗೆ ಸಾಕು. ಸಾಮಾನ್ಯ ಕೀಮೋಥೆರಪಿ ಈ ಕ್ಯಾನ್ಸರಿಗೆ ಅಷ್ಟಾಗಿ ನಾಟುವುದಿಲ್ಲ, ಹಾಗಾಗಿ ಕೊಡುವುದು ಕಡಿಮೆ. ತಲೆಕೂದಲು ಉದುರುವುದಿಲ್ಲ, ಗಾಯದ ಗುರುತು ಅಂಗಿಯೊಳಗೆ. ‘ನಿಮ್ಮನ್ನು ನೋಡಿದರೆ ಕ್ಯಾನ್ಸರ್ ಬಂದವರ ಹಾಗೆ ಕಾಣುವುದೇ ಇಲ್ಲ’ ಎಂದು ಜನ ಪ್ರೀತಿಯಿಂದಲೇ ಹೇಳಿ ಬರುತ್ತಾರೆ. ಅಲ್ಲಿಗೆ ಅವರು ಹೆದರಿಕೆ ಹೇಳಿಕೊಳ್ಳುವ ದಾರಿಯೂ ಮುಚ್ಚಿತು.

ನಮ್ಮ ಪಕ್ಕದ ಶಾಲೆಯಿಂದ ನಿವೃತ್ತರಾದ ಹಿರಿಯ ಮಾಸ್ಟ್ರೊಬ್ಬರಿದ್ದಾರೆ. ಒಂದು ಕಿಡ್ನಿ ತೆಗೆದು ಮೂರು ವರ್ಷವಾಯಿತು. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗಿಗೆ ಮಂಗಳೂರಿಗೆ ಹೋಗಬೇಕು. ಇನ್ನೂ ಹತ್ತು ದಿನ ಇರುವಾಗಲೇ ಅವರಿಗೆ ಊಟ ಸೇರುವುದಿಲ್ಲ. ನಮ್ಮ ಸ್ಟಾಫ್ ರೂಮಿನವರು ನಾಲ್ಕು ಮಂದಿ ಹೋಗಿದ್ದಾಗ ಅವರ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: ‘ರಾತ್ರಿ ಎರಡು ಗಂಟೆಗೆ ಎದ್ದು ಅಂಗಳದಲ್ಲಿ ತಿರುಗುತ್ತಾರೆ. ಕೇಳಿದರೆ ಅಡಿಕೆ ಕಾಯುವುದು ಅಂತಾರೆ. ಅಂಗಳದಲ್ಲಿ ಅಡಿಕೆಯೇ ಇಲ್ಲ ಟೀಚರೇ!’ ರಿಪೋರ್ಟ್ ಸರಿಯಾಗಿ ಬಂದರೆ ಒಂದು ವಾರ ಮನೆಯಲ್ಲಿ ಹಬ್ಬ. ಮತ್ತೆ ಮುಂದಿನ ತಾರೀಕಿನ ಲೆಕ್ಕ ಶುರು.

ಇದು ಅವರೊಬ್ಬರ ಪುಕ್ಕಲುತನ ಅಲ್ಲ. ಕಾಯಿಲೆ ಮರಳಿ ಬಂದೀತೆಂಬ ಭಯ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಲ್ಲಿ ಬಹಳ ಸಾಮಾನ್ಯ. ಕಿಡ್ನಿ ಕ್ಯಾನ್ಸರ್ ಕೆಲವರಿಗೆ ವರ್ಷಗಳ ನಂತರವೂ ಮರಳುವುದರಿಂದ ತಪಾಸಣೆ ಐದು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ನಡೆಯುತ್ತದೆ. ಮನಸ್ಸು ಮಂಕಾಗಲು ದೇಹದ ಕಾರಣವೂ ಇರಬಹುದು. ಹರಡಿದ ಕಿಡ್ನಿ ಕ್ಯಾನ್ಸರಿಗೆ ಕೊಡುವ ಸುನಿಟಿನಿಬ್‌ನಂಥ ಮಾತ್ರೆಗಳು (ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2006ರಲ್ಲಿ) ಥೈರಾಯ್ಡನ್ನು ಕುಗ್ಗಿಸಬಲ್ಲವು. ಆಗ ಸುಸ್ತು, ನಿರುತ್ಸಾಹ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ಸಂಗತಿ ಇದು. ಆದರೆ ಡಾಕ್ಟರರಿಗೆ ಹೇಳಿದರೆ ತಾನೇ?

ಹೇಳುವುದು ಯಾವ ಭಾಷೆಯಲ್ಲಿ? ಗಡಿನಾಡಿನ ನಮಗೆ ಇದು ದೊಡ್ಡ ಪ್ರಶ್ನೆ. 1956ರ ನವೆಂಬರ್ 1ರಿಂದ ನಮ್ಮ ಆಡಳಿತ ಕೇರಳದ್ದು. ದೊಡ್ಡ ಕಾಯಿಲೆಗೆ ಹೆಚ್ಚಿನವರು ಓಡುವುದು ಮಂಗಳೂರಿಗೆ. 2020ರ ಮಾರ್ಚ್ ಕೊನೆಗೆ ಕೊರೋನಾ ಕಾರಣ ಕರ್ನಾಟಕ ಗಡಿ ಮುಚ್ಚಿದಾಗ ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತದ್ದನ್ನು, ಆಸ್ಪತ್ರೆ ತಲುಪಲಾಗದೆ ಜನ ತೀರಿಕೊಂಡದ್ದನ್ನು ನಾವು ಮರೆತಿಲ್ಲ. ಸ್ಕ್ಯಾನಿಂಗಿನ ತಾರೀಕು ಹತ್ತಿರ ಬಂದಿದ್ದವರ ಮನಸ್ಸು ಆಗ ಹೇಗಿದ್ದಿರಬಹುದು ಯೋಚಿಸಿ. ಇನ್ನು ತಲಶ್ಶೇರಿಗೋ ತಿರುವನಂತಪುರಕ್ಕೋ ಹೋದರೆ ಮಾತು ಮಲೆಯಾಳ. ಬಸ್ಸಿಗೆ, ಅಂಗಡಿಗೆ, ವಿಲ್ಲೇಜ್ ಆಫೀಸಿಗೆ ಸಾಕಾಗುವಷ್ಟು ಮಲೆಯಾಳ ನಮಗೆಲ್ಲ ಬರುತ್ತದೆ. ಆದರೆ ‘ರಾತ್ರಿ ಹೆದರಿಕೆಯಾಗುತ್ತದೆ, ಮಕ್ಕಳ ಮುಖ ನೋಡಿದರೆ ಅಳು ಬರುತ್ತದೆ’ ಎಂದು ಹೇಳಲು ಆ ಮಲೆಯಾಳ ಸಾಲದು. ಅದಕ್ಕೆ ಮನೆಮಾತೇ ಬೇಕು. ತುಳುವಿನಲ್ಲಿ ‘ಮಂಡೆಬೆಚ್ಚ’, ಹವ್ಯಕರಲ್ಲಿ ‘ಮಂಡೆಬೆಶಿ’. ಎಷ್ಟು ಸರಿಯಾದ ಪದ ನೋಡಿ!

ಪದದ ಮಹತ್ವ ದೂರದ ಅಮೆರಿಕದವರಿಗೂ ಗೊತ್ತಾಗಿದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 1977ರಲ್ಲಿ ಡಾ. ಜಿಮ್ಮಿ ಹಾಲೆಂಡ್ ಎಂಬ ಮನೋವೈದ್ಯೆ ಕ್ಯಾನ್ಸರ್ ರೋಗಿಗಳ ಮನಸ್ಸಿಗಾಗಿಯೇ ಒಂದು ಸೇವೆ ಆರಂಭಿಸಿದರು. ‘ಮಾನಸಿಕ ರೋಗ’ ಎಂದರೆ ಜನ ದೂರ ಸರಿಯುತ್ತಾರೆಂದು ಅವರೂ ಜೊತೆಗಾರರೂ ‘ಸಂಕಟ’ ಎಂಬ ಅರ್ಥದ ಸಾದಾ ಪದವನ್ನೇ ಆರಿಸಿಕೊಂಡರು. ಕಾಗದದ ಮೇಲೆ ಒಂದು ಥರ್ಮಾಮೀಟರಿನ ಚಿತ್ರ, ಸೊನ್ನೆಯಿಂದ ಹತ್ತರವರೆಗೆ ಗುರುತು. ಕಳೆದ ಒಂದು ವಾರದಲ್ಲಿ ನಿಮ್ಮ ಸಂಕಟ ಎಷ್ಟು? ನಾಲ್ಕು ಅಥವಾ ಹೆಚ್ಚು ಬಂದರೆ ಕೂತು ವಿಚಾರಿಸಬೇಕು ಎಂದು ಲೆಕ್ಕ.

ಮಾರ್ಕು ಹಾಕುವುದು ನಮ್ಮ ಕಸುಬೇ ಅಲ್ಲವೇ? ಮುಂದಿನ ಸಲ ಹೋದಾಗ ನಮ್ಮವರೊಬ್ಬರು ತುಳುವಿನಲ್ಲೇ ಕೇಳಿದರು, ಹತ್ತರಲ್ಲಿ ಎಷ್ಟು ಮಂಡೆಬೆಚ್ಚ ಮಾಸ್ಟ್ರೇ ಎಂದು. ಅವರು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು ‘ಎಂಟು’ ಎಂದರು. ಆಮೇಲೆ ಒಂದು ಗಂಟೆ ಮಾತಾಡಿದ್ದು ಅವರೊಬ್ಬರೇ. ಮರುವಾರ ಡಾಕ್ಟರರಲ್ಲಿ ನಿದ್ರೆಯ ವಿಷಯ ಬಾಯಿಬಿಟ್ಟು ಹೇಳಿದರು, ಈಗ ಕೌನ್ಸೆಲಿಂಗಿಗೆ ಹೋಗುತ್ತಿದ್ದಾರೆ. ಭಯ ಪೂರ್ತಿ ಹೋಗಿಲ್ಲ. ಆದರೆ ಎಂಟು ಈಗ ಐದಕ್ಕೆ ಇಳಿದಿದೆಯಂತೆ.

ಓದುಗ ಮಿತ್ರರೇ, ನಿಮ್ಮ ಊರಲ್ಲೂ ಇಂಥವರಿದ್ದಾರು. ನೋಡಲು ಹೋದಾಗ ‘ನಮ್ಮ ಭಾವನಿಗೂ ಹೀಗೇ ಆಗಿತ್ತು, ಮತ್ತೆ ಆರೇ ತಿಂಗಳು...’ ಎಂಬ ಕಥೆ ಖಂಡಿತ ಬೇಡ. ಎರಡು ವಾರಕ್ಕೂ ಮೀರಿ ನಿದ್ರೆಯಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ, ಬದುಕುವುದೇ ಬೇಡ ಎಂಬ ಮಾತು ಬಂತು ಎಂದಾದರೆ ಡಾಕ್ಟರರಲ್ಲಿಗೆ ಜೊತೆಗೆ ಹೋಗಿ. ಸಾಯುವ ಮಾತು ಬಂದರೆ ಎರಡು ವಾರ ಕಾಯುವುದೂ ಬೇಡ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಕೇರಳ ಸರಕಾರದ ‘ದಿಶ’ದ ನಂಬರ್ 1056. ಒಂದೇ ಕಿಡ್ನಿ ಇರುವವರು ನೋವಿನ ಮಾತ್ರೆಯನ್ನು ಡಾಕ್ಟರರಲ್ಲಿ ಕೇಳದೆ ನುಂಗಬಾರದು, ಅದನ್ನೂ ನೆನಪಿಸಿ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ತರಗತಿಯಲ್ಲಿ ಒಮ್ಮೆಲೇ ಮಂಕಾದ ಮಗುವಿನ ಮನೆಯಲ್ಲಿ ಅಪ್ಪನದ್ದೋ ಅಮ್ಮನದ್ದೋ ಸ್ಕ್ಯಾನಿಂಗ್ ಹತ್ತಿರ ಬಂದಿರಬಹುದು. ಮಗುವಿನಲ್ಲಿ ಮೆಲ್ಲನೆ ಕೇಳಿ, ಮನೆಗೂ ಒಂದು ಫೋನ್ ಮಾಡಿ. ಆ ತಾರೀಕನ್ನು ಸ್ಟಾಫ್ ರೂಮಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಕಷ್ಟವೇನಲ್ಲ. ಏನಂತೀರಿ?