ಬೆನ್ನ ಮೇಲಿನ ಕ್ಲಿಪ್ಪು

ಉಪಕಾರ ಮಾಡಿದವನಿಗೆ ಮರೆವಿರಬೇಕು, ಮಾಡಿಸಿಕೊಂಡವನಿಗೆ ನೆನಪಿರಬೇಕು ಎಂದು ಹಿರಿಯರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ನೆನಪಿನ ಕೆಲಸವೂ ನನ್ನ ಪಾಲಿಗೇ ಬಂದಿದೆಯೆಂದು ನಾನು ಬಹುಕಾಲ ನಂಬಿಕೊಂಡಿದ್ದೆ.

2018ರ ಜೂನ್ ತಿಂಗಳಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಅವನನ್ನು ಇಂಜಿನಿಯರಿಂಗ್ ಓದಿಸಿದವನು ನಾನು. ನನ್ನ ಮೊದಮೊದಲ ಸಂಬಳ, ಅಮ್ಮನ ಎರಡೆಳೆಯ ಸರ, ಎಲ್ಲವೂ ಅವನ ಫೀಜಿಗೆ ಹೋದವು. ಹೋದುದಕ್ಕೆ ವ್ಯಥೆಯಿಲ್ಲ. ಆದರೆ ಒಂದು ರಾತ್ರಿ ಊಟಕ್ಕೆ ಕುಳಿತಾಗ, ಮನೆಯನ್ನು ಹೊಗಳುವ ನೆಪದಲ್ಲಿ, "ಇದರ ಅಡಿಪಾಯದಲ್ಲಿ ಅಮ್ಮನ ಸರ ಇದೆಯಪ್ಪ" ಎಂದುಬಿಟ್ಟೆ. ತಮ್ಮ ಅನ್ನ ಕಲೆಸುವುದನ್ನು ನಿಲ್ಲಿಸಿದ. "ಗೊತ್ತು ಅಣ್ಣ" ಎಂದ. ಹುಳಿ ಬಡಿಸುತ್ತಿದ್ದ ಅವನ ಹೆಂಡತಿ ಪಾತ್ರೆಯೊಂದಿಗೆ ಒಳಕ್ಕೆ ಹೋದಳು.

ಮರುದಿನ ಮನೆಯಲ್ಲಿ ಕುಳಿತಿರಲು ಮುಜುಗರವಾಯಿತು. ನೆರೆಮನೆಯ ವೃದ್ಧರೊಬ್ಬರು ಲುಥೆರನ್ ಚರ್ಚಿಗೆ ಸೇರಿದವರು. ಅಮೆರಿಕದ ಇವ್ಯಾಂಜೆಲಿಕಲ್ ಲುಥೆರನ್ ಚರ್ಚು ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ನಡೆಸುವ ಯುವಜನರ ಸಮ್ಮೇಳನ ಆ ಸಲ ಹ್ಯೂಸ್ಟನ್ನಿನಲ್ಲಿತ್ತು. ಜೂನ್ 27ರಿಂದ ಜುಲೈ 1ರವರೆಗೆ. ಬಂದವರು ಮೂವತ್ತು ಸಾವಿರ, ಹೆಚ್ಚಿನವರು ಹೈಸ್ಕೂಲಿನ ಮಕ್ಕಳು. ನೆರೆಯವರು ಅಲ್ಲಿ ಸ್ವಯಂಸೇವಕರು. "ನೀರಿನ ಬಾಟಲಿ ಹಂಚಲು ಕೈ ಸಾಲದು, ಬರುತ್ತೀರಾ?" ಎಂದರು. ಹೊರಟೆ.

ನಮ್ಮೂರಿನ ಜಾತ್ರೆ ಕಂಡವನಿಗೆ ಮೂವತ್ತು ಸಾವಿರ ದೊಡ್ಡ ಸಂಖ್ಯೆಯಲ್ಲ. ನನಗೆ ಹೊಸದೆನಿಸಿದ್ದು ಬೇರೆ. ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಒಂದು ದಿನವನ್ನು ಸೇವೆಗೆಂದೇ ಮೀಸಲಿಟ್ಟಿದ್ದರು. ಹಿಂದಿನ ವರ್ಷ, 2017ರ ಆಗಸ್ಟಿನಲ್ಲಿ, ಹಾರ್ವಿ ಚಂಡಮಾರುತ ಆ ನಗರವನ್ನು ಮುಳುಗಿಸಿತ್ತು. ಕೆಲವೇ ದಿನಗಳಲ್ಲಿ ಕೆಲವೆಡೆ ಮೂರು ಅಡಿಗೂ ಮೀರಿದ ಮಳೆ! ಅಂಥ ನಗರಕ್ಕೆ ಮಕ್ಕಳು ಪ್ರಾರ್ಥನೆಯ ಜೊತೆಗೆ ಕೈಕೆಲಸವನ್ನೂ ಹೊತ್ತು ಬಂದಿದ್ದರು. ಒಂದು ದಿನದ ಕೆಲಸದಿಂದ ಮುಳುಗಿದ ಊರು ಎದ್ದು ನಿಲ್ಲುವುದೇ ಎಂದು ನನ್ನೊಳಗಿನ ಮೇಷ್ಟರು ಕೇಳದಿರಲಿಲ್ಲ.

ನಾವು ಹೋದದ್ದು ಒಂದು ಶಾಲೆಗೆ. ಬಿಸಿಲು ನಮ್ಮ ರಾಯಚೂರನ್ನು ನೆನಪಿಸುವಂತಿತ್ತು. ಹದಿನಾರರ ಹುಡುಗಿಯೊಬ್ಬಳು ಬೇಲಿಗೆ ಬಣ್ಣ ಬಳಿಯುತ್ತಿದ್ದಳು. ಬೇಲಿಗಿಂತ ಹೆಚ್ಚು ಬಣ್ಣ ಅವಳ ಮೊಣಕೈಗೇ ಹತ್ತಿತ್ತು. ನೀರು ಕೊಟ್ಟು, "ಇದರಿಂದ ನಿನಗೆ ಪುಣ್ಯ ಬರುತ್ತದೆಯೆ?" ಎಂದು ಕೇಳಬೇಕೆನಿಸಿತು. ಪುಣ್ಯಕ್ಕೆ ಇಂಗ್ಲಿಷಿನಲ್ಲಿ ಏನೆನ್ನುವುದು? ಪಾದ್ರಿ ಕಿಟ್ಟೆಲರ 1894ರ ನಿಘಂಟು ಕೈಯಲ್ಲಿದ್ದರೆ ಎಷ್ಟು ಚೆನ್ನಾಗಿತ್ತು! ಹೇಗೋ ತಡವರಿಸಿ, "ದೇವರ ಲೆಕ್ಕದಲ್ಲಿ ನಿನ್ನ ಹೆಸರಿಗೆ ಜಮೆಯಾಗುತ್ತದೆಯೆ?" ಎಂದೆ.

ಅವಳು ನಕ್ಕಳು. "ಇಲ್ಲ. ಅದು ಆಗಲೇ ಸಿಕ್ಕಿಬಿಟ್ಟಿದೆ. ಈ ಬೇಲಿಗೆ ಬಣ್ಣ ಬೇಕಾಗಿತ್ತು, ಅಷ್ಟೆ" ಎಂದು ಮತ್ತೆ ಕುಂಚ ಅದ್ದಿದಳು.

ಕಾರಿನಲ್ಲಿ ವೃದ್ಧರು ವಿವರಿಸಿದರು. ಸತ್ಕಾರ್ಯದ ಬೆಲೆ ತೆತ್ತು ಮುಕ್ತಿಯನ್ನು ಕೊಳ್ಳಲಾಗದು, ಅದು ದೇವರ ಕೃಪೆ, ವಿಶ್ವಾಸದಿಂದ ಪಡೆಯತಕ್ಕದ್ದು ಎಂಬುದು ಲೂಥರನ ನಿಲುವು. ಹಾಗಾದರೆ ಒಳ್ಳೆಯ ಕೆಲಸವೇಕೆ? 1520ರಲ್ಲಿ ಬರೆದ 'ಕ್ರೈಸ್ತನ ಸ್ವಾತಂತ್ರ್ಯ'ವೆಂಬ ಕಿರುಹೊತ್ತಗೆಯಲ್ಲಿ ಅವನು ಇದಕ್ಕೆ ಉತ್ತರ ಕೊಟ್ಟಿದ್ದಾನೆ. ತನ್ನ ಚಿಂತೆ ತೀರಿದವನಿಗೆ ಗಳಿಸಬೇಕಾದ್ದು ಏನೂ ಉಳಿದಿಲ್ಲ. ಆದ್ದರಿಂದಲೇ ಅವನು ಬಿಡುವಾಗಿ ನೆರೆಯವನ ಕೆಲಸಕ್ಕೆ ನಿಲ್ಲಬಲ್ಲ. ನಿಷ್ಕಾಮಕರ್ಮವನ್ನು ಎಷ್ಟೋ ವರ್ಷ ತರಗತಿಯಲ್ಲಿ ವಿವರಿಸಿದ ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಸಂಜೆ ಎನ್‌ಆರ್‌ಜಿ ಕ್ರೀಡಾಂಗಣದಲ್ಲಿ ಎಲ್ಲರೂ ಸೇರಿದರು. 'ಇದರಿಂದ ಎಲ್ಲವೂ ಬದಲಾಗುತ್ತದೆ' ಎಂಬುದು ಸಮ್ಮೇಳನದ ಘೋಷವಾಕ್ಯ. ಸಂಗೀತದ ಅಬ್ಬರಕ್ಕೆ ನನ್ನ ಎದೆ ನಡುಗಿತು. ಆ ಗದ್ದಲದ ನಡುವೆಯೂ ಬೇಲಿಯ ಹುಡುಗಿಯ ಮಾತೇ ಕಿವಿಯಲ್ಲಿತ್ತು.

ಮನೆಗೆ ಬಂದಾಗ ತಮ್ಮನ ಹೆಂಡತಿ, "ಭಾವ, ಬೆನ್ನ ಮೇಲೇನದು?" ಎಂದು ನಗುತ್ತ ತೆಗೆದುಕೊಟ್ಟಳು. ಬಟ್ಟೆ ಒಣಗಹಾಕುವ ಮರದ ಕ್ಲಿಪ್ಪು! ಅದರ ಮೇಲೆ 'ನೀನು ಬೇಕಾದವನು' ಎಂಬ ಅರ್ಥದ ಬರಹ. ಅಪರಿಚಿತರಿಗೆ ತಿಳಿಯದಂತೆ ಇಂಥದನ್ನು ಸಿಕ್ಕಿಸಿ ಹೋಗುವುದು ಆ ಮಕ್ಕಳ ಆಟವಂತೆ. ಯಾರು ಸಿಕ್ಕಿಸಿದರೋ, ಎಷ್ಟು ಹೊತ್ತು ಹೊತ್ತು ತಿರುಗಿದೆನೋ!

ಊಟದ ಹೊತ್ತಿಗೆ, "ನಿನ್ನೆಯ ಮಾತು ಬಿಟ್ಟುಬಿಡು" ಎಂದೆ ತಮ್ಮನಿಗೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನನ್ನ ಮೊದಲ ಸಂಬಳ ಬಂದಾಗ ಸರ ಬಿಡಿಸಲು ಹೋಗಿದ್ದೆ ಅಣ್ಣ. ಅಷ್ಟರಲ್ಲಿ ವಾಯಿದೆ ಮೀರಿ ಹರಾಜಾಗಿತ್ತು. ಅಮ್ಮನಿಗೂ ಹೇಳಲಿಲ್ಲ" ಎಂದ.

ನೆನಪಿನ ಕೆಲಸ ನನ್ನೊಬ್ಬನದೇ ಆಗಿರಲಿಲ್ಲ. ಅಂದು ನನಗೆ ಅನ್ನ ಇಳಿಯಲಿಲ್ಲ.

ಊರಿಗೆ ಹೊರಟ ದಿನ, ಅವನು ಕಾರು ತೆಗೆಯಲು ಹೋದಾಗ, ಬೀರುವಿನಲ್ಲಿ ತೂಗುಹಾಕಿದ್ದ ಅವನ ಕೋಟಿನ ಬೆನ್ನಿಗೆ ಆ ಕ್ಲಿಪ್ಪನ್ನು ಸಿಕ್ಕಿಸಿ ಬಂದೆ. ಸಿಕ್ಕಿತೇ ಎಂದು ಈವರೆಗೆ ಕೇಳಿಲ್ಲ. ಕೇಳದಿರಲು ಪಡುತ್ತಿರುವ ಕಷ್ಟ ಮಾತ್ರ ಸಾಮಾನ್ಯವಾದುದಲ್ಲ.