ಹಿರೇಹಡಗಲಿಯ ಕಲ್ಲಿನಲ್ಲಿ ಮಾದರಿ ವಿಮಾನದ ಪಾಠ

ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿ ತಾಲ್ಲೂಕಿನ ಊರು ಹಿರೇಹಡಗಲಿ. ಬಹುಕಾಲ ಬಳ್ಳಾರಿ ಜಿಲ್ಲೆಯಲ್ಲಿದ್ದ ಇದು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಇಲ್ಲಿನ ಕಲ್ಲೇಶ್ವರ ದೇವಾಲಯವನ್ನು ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಪ್ರಧಾನಿ ದೇಮರಸ 1057ರ ಸುಮಾರಿಗೆ ಕಟ್ಟಿಸಿದ.

ಗುಡಿಯ ಹೊರಗೋಡೆಯೇ ವಿದ್ಯಾರ್ಥಿಗಳಿಗೆ ಒಂದು ಪಾಠ. ಗೋಡೆಗಂಬಗಳ ಮೇಲೆ ಅಂಗೈ ಅಗಲದ ಜಾಗದಲ್ಲಿ ಇಡೀ ಶಿಖರಗಳನ್ನೇ ಕಿರಿದಾಗಿಸಿ ಕೆತ್ತಿದ್ದಾರೆ. ಚಾಲುಕ್ಯ ಶಿಲ್ಪಿಗಳಿಗೆ ಇದು ಪ್ರಿಯವಾದ ಅಲಂಕಾರ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಇವು ಕಲ್ಲಿನ ‘ಸ್ಕೇಲ್ ಮಾಡೆಲ್’ಗಳು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಗಟ್ಟಿಯಾಗುವುದರಿಂದ ಇಂಥ ಸೂಕ್ಷ್ಮ ಕೆಲಸ ಸಾಧ್ಯವಾಯಿತು.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ರಟ್ಟು, ಮರದಿಂದ ವಿಮಾನ ಮಾಡುವ ಹುಡುಗನಿಗೂ ಈ ಶಿಲ್ಪಿಗೂ ಎದುರಾಗುವ ಪ್ರಶ್ನೆ ಒಂದೇ: ಕಿರಿದಾಗಿಸುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು?

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕುರ್ಟ್ ಟ್ಯಾಂಕ್ ನೇತೃತ್ವದ ತಂಡ ರೂಪಿಸಿದ ‘ಮಾರುತ್’ ಯುದ್ಧವಿಮಾನವನ್ನೇ ನೋಡಿ. ಅದು ಮೊದಲು ಹಾರಿದ್ದು 1961ರ ಜೂನ್ 17ರಂದು. ಅದಕ್ಕೂ ಮೊದಲು, 1959ರಲ್ಲಿ, ಅದೇ ಗಾತ್ರದ ಮರದ ಗ್ಲೈಡರ್ ಮಾಡಿ ಹಾರಿಸಿ ಪರೀಕ್ಷಿಸಿದ್ದರು. ಮಾರುತ್‌ನ ಉದ್ದ 15.87 ಮೀಟರ್. 72ರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಅದು 22 ಸೆಂಟಿಮೀಟರ್ ಆಗುತ್ತದೆ. ಲೋಹದ ಹಾಳೆಗಳ ಸಂದು ತೋರಿಸಲೆಂದು ಅರ್ಧ ಮಿಲಿಮೀಟರ್ ಅಗಲದ ಗೀರು ಎಳೆದರೆ, ನಿಜವಿಮಾನದಲ್ಲಿ ಅದು 36 ಮಿಲಿಮೀಟರ್ ಬಿರುಕಾಗುತ್ತದೆ! ಆದ್ದರಿಂದ ಗೀರು ಕೂದಲೆಳೆಯಷ್ಟೇ ಇರಬೇಕು. ಮೊಳೆಗಳನ್ನು ಬಿಟ್ಟರೂ ನಡೆಯುತ್ತದೆ.

ಬಣ್ಣದಲ್ಲೂ ಇದೇ ಲೆಕ್ಕ. ಮೊದಲು ಮೈಯನ್ನು ನುಣ್ಣಗೆ ಉಜ್ಜಿ ಪ್ರೈಮರ್ ಕೊಡಬೇಕು. ಆಮೇಲೆ ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಬಣ್ಣ ಹಚ್ಚಬೇಕು. ನಿಜವಿಮಾನದ ಬಣ್ಣವನ್ನೇ ಬಳಿದರೆ ಪುಟ್ಟ ಮಾದರಿ ಕಪ್ಪಿಟ್ಟಂತೆ ಕಾಣುವುದರಿಂದ ಚೂರು ಬಿಳಿ ಬೆರೆಸುವುದುಂಟು. ವಾಯುಪಡೆಯ ವೃತ್ತಚಿಹ್ನೆಗೆ ಹೊರಗೆ ಕೇಸರಿ, ನಡುವೆ ಬಿಳಿ ಉಂಗುರ, ಒಳಗೆ ಹಸಿರು. ಕೊನೆಗೆ ನೀರಾಗಿಸಿದ ಕಡುಬಣ್ಣವನ್ನು ಗೀರುಗಳಿಗೆ ಹರಿಸಿ ಮೇಲ್ಮೈ ಒರೆಸಿದರೆ ನೆರಳು ಮೂಡುತ್ತದೆ. ಶಿಲ್ಪಿಗೆ ಈ ನೆರಳನ್ನು ಸೂರ್ಯನೇ ಕೊಡುತ್ತಾನೆ. ಅದಕ್ಕೆಂದೇ ಅವನ ಉಳಿ ಆಳವಾಗಿ ಇಳಿದಿದೆ.

ದಪ್ಪ ಬಣ್ಣ ಮಾಡಿದ ಕೆಲಸವನ್ನೆಲ್ಲ ಮುಚ್ಚಿಬಿಡುತ್ತದೆ. ನಾಡಿನ ಎಷ್ಟೋ ಹಳೆಯ ಗುಡಿಗಳಲ್ಲಿ ವರ್ಷವರ್ಷವೂ ಬಳಿದ ಸುಣ್ಣ ಕೆತ್ತನೆಯನ್ನು ಹೂತುಹಾಕಿದ್ದು ಇದೇ ರೀತಿ. ಭಕ್ತಿಯಿಂದ ಬಳಿದರೂ ಹಾನಿ ಹಾನಿಯೇ.

ಅಂಗಡಿಯಿಂದ ಸಿದ್ಧ ಮಾದರಿ ತಂದುಕೊಟ್ಟರೆ ಮಕ್ಕಳಿಗೆ ಬಹುಮಾನ ಸಿಗಬಹುದು, ಅಳೆಯುವ ಕಣ್ಣು ಸಿಗದು. ಬೆಂಗಳೂರಿಗೆ ಹೋದಾಗ, 2001ರಲ್ಲಿ ಆರಂಭವಾದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್ ನೋಡಬಹುದು. ಹಿರೇಹಡಗಲಿಗೆ ಬರುವವರಿಗೆ ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಒಳ್ಳೆಯದು. ದೇವಾಲಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕಲ್ಲನ್ನು ಮುಟ್ಟದೆ, ಪೆನ್ಸಿಲು ಹಿಡಿದು ಒಂದು ಕಿರುಶಿಖರವನ್ನು ಬರೆದುಕೊಳ್ಳಲು ಅರ್ಧ ಗಂಟೆ ಸಾಕು.