ಕೋಳಿಯನ್ನು ಕೇಳಿ ಟಿಕೆಟ್ ತೆಗೆದ ಕಥೆ

"ಕೋಳಿ ಕೇಳಿ ಮಸಾಲೆ ಅರೀತಾರಾ?" ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ವಿಮಾನದ ಟಿಕೆಟ್ ತೆಗೆಯುವ ಮುನ್ನ ಕೋಳಿಯನ್ನು ಕೇಳಲೇಬೇಕು ಎಂಬ ಪಾಠವನ್ನು ನಾನು ಕಲಿತದ್ದು ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ!

ಮೆಲಾರೆನ್ ಸರೋವರದ ದಂಡೆಯಲ್ಲಿರುವ, 'ಸೌತೆಕಾಯಿ ಪಟ್ಟಣ' ಎಂಬ ಅಡ್ಡಹೆಸರಿನ ಈ ಊರಿಗೆ ನಾವು ಬಂದದ್ದು ನಮ್ಮ ಯಜಮಾನರ ಇಂಜಿನಿಯರ್ ಕೆಲಸದ ನೆಪದಲ್ಲಿ. ಇಲ್ಲಿ ಹಿತ್ತಲಿರುವ ಮನೆ ಸಿಕ್ಕಿದ್ದೇ ತಡ, ಒಂಬತ್ತು ವರ್ಷದ ಮಗಳು ಕೋಳಿ ಸಾಕೋಣವೆಂದು ಹಟ ಹಿಡಿದಳು. ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿ ಅಜ್ಜಿಯ ಕೋಳಿಗಳ ಹಿಂದೆ ಓಡಾಡಿದವಳಲ್ಲವೇ!

ಊರಿನಲ್ಲಾದರೆ ಕೋಳಿ ಸಾಕಲು ಯಾರನ್ನೂ ಕೇಳಬೇಕಿಲ್ಲ. ಇಲ್ಲಿ 2021ರಿಂದ ನಾಲ್ಕೇ ಕೋಳಿ ಸಾಕುವವರೂ ಸರ್ಕಾರದ ಕೃಷಿ ಮಂಡಳಿಯಲ್ಲಿ ನೋಂದಾಯಿಸಬೇಕು. ದಿನಕ್ಕೆ ಒಮ್ಮೆಯಾದರೂ ಅವುಗಳನ್ನು ನೋಡಿಕೊಳ್ಳಬೇಕೆಂಬ ನಿಯಮವೂ ಉಂಟು. ನಾವು ಆರಿಸಿಕೊಂಡದ್ದು ಹೆಡೆಮೂರಾ ತಳಿ. ನಮ್ಮ ಉತ್ತರಕ್ಕಿರುವ ದಾಲಾರ್ನಾ ಪ್ರಾಂತ್ಯದ್ದು. ದಟ್ಟ ಪುಕ್ಕದಿಂದಾಗಿ ಇಲ್ಲಿನ ಚಳಿಯನ್ನು ತಡೆಯುತ್ತದೆ.

ಮಗಳ ಶಾಲೆಗೆ ಬೇಸಿಗೆ ರಜೆ ಸಿಗುವುದು ಜೂನ್ ಮಧ್ಯದಲ್ಲಿ. ಹಾಗಾಗಿ ಜೂನ್ 18ಕ್ಕೆ ಬೆಂಗಳೂರಿಗೆ ಟಿಕೆಟ್ ಆಗಿತ್ತು. ನಮ್ಮ ಲೆಕ್ಕ ಸರಿಯಾಗಿಯೇ ಇತ್ತು. ಏಪ್ರಿಲ್ 15ಕ್ಕೆ ಮೊಟ್ಟೆಗಳನ್ನು ಕಾವು ಪೆಟ್ಟಿಗೆಯಲ್ಲಿಟ್ಟರೆ 21 ದಿನಕ್ಕೆ ಮರಿ. ಆರು ವಾರಕ್ಕೆ ಪುಕ್ಕ ಬಲಿತು ದೀಪದ ಶಾಖ ಬೇಡವಾಗುತ್ತದೆ. ನಾವು ಹಾಯಾಗಿ ಹೊರಡಬಹುದು. ಆದರೆ ಹತ್ತು ದಿನಗಳ ನಂತರ ಟಾರ್ಚ್ ಹಿಡಿದು ನೋಡಿದರೆ ಒಂದು ಮೊಟ್ಟೆಯಲ್ಲೂ ಜೀವವಿಲ್ಲ! ಮಗಳು ಆ ರಾತ್ರಿ ಊಟ ಮಾಡಲಿಲ್ಲ. ಮತ್ತೆ ಹತ್ತು ಮೊಟ್ಟೆ ಹುಡುಕಿ ತಂದಿಟ್ಟಾಗ ಮೇ 9. ಮೇ 30ಕ್ಕೆ ಏಳು ಮರಿಗಳು ಹೊರಬಂದವು. ಮೊದಲ ವಾರ 35 ಡಿಗ್ರಿ ಶಾಖ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ನಾವು ಹೊರಡುವ ದಿನಕ್ಕೆ ಅವುಗಳಿಗೆ ಮೂರು ವಾರವೂ ತುಂಬುತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ!

ಓದುಗರೇ, ಇಲ್ಲಿ ನನ್ನ ಹಳೆಯ ಮುನಿಸೊಂದನ್ನು ಹೇಳಿಬಿಡುತ್ತೇನೆ. ಮಗಳು ಹುಟ್ಟಿದಾಗ ಬಾಣಂತನಕ್ಕೆ ಬಾ ಎಂದು ಅವ್ವನನ್ನು ಎಷ್ಟು ಕರೆದರೂ ಅವಳು ಬರಲಿಲ್ಲ. "ಹಸ ಅದೆ, ಕೋಳಿ ಅವೆ, ಯಾರ್ ನೋಡ್ಕತಾರೆ?" ಎಂದಿದ್ದಳು. ಹೊರಗೆ ಹಿಮ, ಒಳಗೆ ಅಳುವ ಕೂಸು. ಮಗಳಿಗಿಂತ ಕೋಳಿ ಹೆಚ್ಚಾಯಿತೇ ಎಂದು ನಾನು ಒಬ್ಬಳೇ ಅತ್ತದ್ದುಂಟು. ಒಂಬತ್ತು ವರ್ಷ ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಈಗ ಅವ್ವನಿಗೇ ಫೋನ್ ಮಾಡಿ, "ಪಿಳ್ಳೆಗಳನ್ನ ಏನು ಮಾಡ್ಲವ್ವ?" ಎಂದೆ. ಅವಳು ನಗಲಿಲ್ಲ, ಹಂಗಿಸಲೂ ಇಲ್ಲ. "ಪುಕ್ಕ ಬರೋಗಂಟ ಮನೆಯೋರು ಒಬ್ಬರು ಇರ್ಲೇಬೇಕು ಕಣವ್ವ. ಆಮೇಕೆ ಪಕ್ಕದ ಮನೆಯೋರ ಕೈಲಿ ಮೂರು ದಿನ ನಿಮ್ಮ ಜೊತೇಲೇ ಕಾಳು ಹಾಕ್ಸಿ. ದನಿ ಪಳಗಿದ್ರೆ ಅವು ಗಾಬರಿಬೀಳಾಕಿಲ್ಲ" ಎಂದಳು.

ಹಾಗೆಯೇ ಮಾಡಿದೆವು. ಯಜಮಾನರು ದಂಡ ಕಟ್ಟಿ ತಮ್ಮ ಟಿಕೆಟ್ಟನ್ನು ಜುಲೈ 11ಕ್ಕೆ ಮುಂದೂಡಿದರು. ನಾನೂ ಮಗಳೂ ಮೊದಲು ಹೊರಟೆವು. ಅವರು ಹೊರಡುವ ಮುನ್ನ ಮೂರು ದಿನ, ರೈತರ ಮನೆಯಲ್ಲಿ ಬೆಳೆದ ಪಕ್ಕದ ಮನೆಯ ಸ್ವೀಡಿಷ್ ಅಜ್ಜಿ ಬಂದು "ಬಾ ಬಾ ಬಾ" ಎಂದು ಕನ್ನಡದಲ್ಲೇ ಕರೆದು ಕಾಳು ಹಾಕಿದರು. ನರಿಯ ಕಾಟಕ್ಕೆ ಸಂಜೆಯೇ ಗೂಡಿನ ಬಾಗಿಲು ಹಾಕುವುದನ್ನು ಅವರಿಗೆ ನಾವು ಹೇಳಿಕೊಡಬೇಕಿರಲಿಲ್ಲ.

ಊರು ತಲುಪಿದಾಗ ಅವ್ವ ಕೇಳಿದ ಮೊದಲ ಮಾತು, "ಪಿಳ್ಳೆಗಳು ಹೆಂಗವೆ?" ನಾನು ಹಿತ್ತಲಿಗೆ ಹೋಗಿ ನೋಡಿದೆ. ಕೋಳಿಗೂಡು ಖಾಲಿ. ಕೊಟ್ಟಿಗೆಯೂ ಖಾಲಿ. ಮಂಡಿ ನೋವೆಂದು ಎಲ್ಲವನ್ನೂ ಮಾರಿದ್ದಳು, ನಮಗೆ ಹೇಳಿರಲಿಲ್ಲ. "ಹಂಗಾದ್ರೆ ಈಗ ನನ್ನ ಜೊತೆ ಬಂದುಬಿಡವ್ವ" ಎಂದೆ.

"ಈಗ ಪುರುಸೊತ್ತದೆ ಕಣವ್ವ, ಕಾಲೇ ಇಲ್ಲ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಅಂದು ಅವಳು ಕೋಳಿಯನ್ನು ಆರಿಸಿಕೊಂಡು ನನ್ನನ್ನು ಬಿಟ್ಟಿರಲಿಲ್ಲ. ಬಿಟ್ಟು ಬರಲು ಅವಳಿಗೆ ಎರಡನೆಯ ಟಿಕೆಟ್ಟಿನ ಯಜಮಾನರಿರಲಿಲ್ಲ, ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಇಷ್ಟು ಸಣ್ಣ ಲೆಕ್ಕ ನನಗೆ ಅರ್ಥವಾಗಲು ಏಳು ಪಿಳ್ಳೆಗಳು ಬೇಕಾದವು.

ಜುಲೈ ಕೊನೆಗೆ ಒಂದು ದಿನ ವೆಸ್ಟೆರಾಸ್‌ನ ಅಜ್ಜಿ ವಿಡಿಯೋ ಕರೆ ಮಾಡಿದರು. ಅವ್ವ ಫೋನಿಗೆ ಬಾಯಿ ಹಚ್ಚಿ "ಬಾ ಬಾ ಬಾ" ಎಂದಳು. ಏಳೂ ಮರಿಗಳು ಓಡಿ ಬಂದವು! ಅಜ್ಜಿಯ ಕೈಯಲ್ಲಿ ಕಾಳಿನ ಬಟ್ಟಲಿತ್ತೆಂದು ಯಜಮಾನರು ನನ್ನ ಕಿವಿಯಲ್ಲಿ ಉಸುರಿದರು. ನಾನು ಅದನ್ನು ಅವ್ವನಿಗೆ ಹೇಳಲಿಲ್ಲ.

ನೀವೂ ಮರಿ ಮಾಡಿಸುವವರಿದ್ದರೆ ಟಿಕೆಟ್ಟಿನ ದಿನದಿಂದ ಒಂಬತ್ತು ವಾರ ಹಿಂದಕ್ಕೆ ಎಣಿಸಿ. ಮೊದಲ ಸಲ ಕೈಕೊಟ್ಟರೆ ಇರಲಿ ಎಂದು ಇನ್ನೂ ನಾಲ್ಕು ವಾರ ಸೇರಿಸಿ. ಅವ್ವನನ್ನು ಕರೆಸಿಕೊಳ್ಳುವವರಿದ್ದರೆ ಮಾತ್ರ ಯಾವ ಲೆಕ್ಕವನ್ನೂ ಹಾಕಬೇಡಿ, ಕಾಲು ಗಟ್ಟಿಯಿರುವಾಗಲೇ ಕರೆಸಿಕೊಳ್ಳಿ.